ಆಮೆ ಮೇಷ್ಟ್ರ ಅತಿವೇಗ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಊರು ಇಟ್ಟ ಹೆಸರು ಆಮೆ ಮೇಷ್ಟ್ರು. ಇಂಥ ವಿಷಯದಲ್ಲಿ ಊರು ತಪ್ಪು ಮಾಡುವುದಿಲ್ಲ. ಮೇಷ್ಟ್ರ ಕಾರನ್ನು ಸೈಕಲ್ಲುಗಳು ದಾಟಿ ಹೋಗುತ್ತಿದ್ದವು, ಬೆಳಗಿನ ವಾಕಿಂಗಿಗೆ ಹೊರಟ ನಿವೃತ್ತರು ದಾಟಿ ಹೋಗುತ್ತಿದ್ದರು. ಒಮ್ಮೆ ಹೆಣ ಸಾಗಿಸುವ ವ್ಯಾನು ಕೂಡ ಹಾರ್ನ್ ಮೇಲೆ ಹಾರ್ನ್ ಹೊಡೆದು ಮುಂದೆ ಹೋಯಿತು. "ಹೋಗ್ಲಿ ಬಿಡು, ಅವರಿಗೇನೋ ಅರ್ಜೆಂಟು" ಎಂದು ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವರು ಪಾಠ ಹೇಳುವ ರೀತಿಯೇ ಬೇರೆ. ಶಿಷ್ಯ ಸ್ಟೇರಿಂಗ್ ಹಿಡಿದರೆ ಪಕ್ಕದಲ್ಲಿ ಮೇಷ್ಟ್ರು, ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಆಕೆಯ ಕೈಯಲ್ಲಿ ಅಂಚಿನವರೆಗೆ ನೀರು ತುಂಬಿದ ಒಂದು ಲೋಟ. ಒಂದು ತೊಟ್ಟು ಚೆಲ್ಲಿದರೂ ಶಿಷ್ಯ ಅವತ್ತಿಗೆ ಫೇಲು. ಊರಲ್ಲಿ ಅರ್ಧ ಜನಕ್ಕೆ ಡ್ರೈವಿಂಗ್ ಬಂದದ್ದು ಹೀಗೆಯೇ. ಹಾಗಾಗಿ ಮದುವೆಯಾದಾಗಿನಿಂದ ಆಕೆಯ ಮಡಿಲು ಒಣಗಿದ್ದ ದಿನಗಳು ಬಹಳ ಕಡಿಮೆ.

ಇಂಥ ಮೇಷ್ಟ್ರ ಮನೆಗೆ ಒಂದು ಬೆಳಗ್ಗೆ ಅತಿವೇಗದ ನೋಟಿಸು ಬಂತು. ಇಳಿಜಾರಿನ ಬುಡದಲ್ಲಿರುವ ಕ್ಯಾಮೆರಾ ಹಿಡಿದ ಚಿತ್ರವೂ ಜೊತೆಗಿತ್ತು: ಕಾರಿನ ನಂಬರು, ಡಿಕ್ಕಿ, ಹಿಂದಿನ ಗಾಜಿನಾಚೆ ಮೇಷ್ಟ್ರ ಬೋಳುತಲೆ. ನಲವತ್ತರ ರಸ್ತೆಯಲ್ಲಿ ಎಂಬತ್ತು!

ಸುದ್ದಿಗೆ ಕಾಲು ಬಂತು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೋಡಿ ಬಂದು, "ಒಳಗೊಳಗೇ ಹುಲಿ ಕಣ್ರೀ ನೀವು!" ಎಂದು ಕೈ ಕುಲುಕಿದ. ಅದುವರೆಗೆ ಆ ಸ್ಕೂಲಿನ ಕಡೆ ತಲೆ ಹಾಕದ ಹುಡುಗರು ಬಾಗಿಲಲ್ಲಿ ಸಾಲು ನಿಂತು, "ಸಾರ್, ನಮಗೂ ಎಂಬತ್ತು ಹೇಳಿಕೊಡಿ" ಎಂದರು. ಮೇಷ್ಟ್ರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಏಕೆಂದರೆ ಕಾನೂನಿನಲ್ಲಿ ಒಂದು ಮಾತಿತ್ತು: ಅತಿವೇಗದ ತಪ್ಪು ಒಪ್ಪಿಕೊಂಡವರು ಡ್ರೈವಿಂಗ್ ಸ್ಕೂಲ್ ನಡೆಸುವಂತಿಲ್ಲ. ನೋಟಿಸನ್ನು ಒಪ್ಪಿದರೆ ಸ್ಕೂಲಿಗೆ ಬೀಗ. ಸ್ಕೂಲು ಬಿಟ್ಟರೆ ಮೇಷ್ಟ್ರಿಗೆ ಬೇರೆ ಬದುಕೂ ಗೊತ್ತಿಲ್ಲ, ಬೇರೆ ಸುಖವೂ ಗೊತ್ತಿಲ್ಲ.

ಹಾಗಾದರೆ ನಿಜ ಹೇಳಬಾರದೇ? ಅಲ್ಲೇ ಇತ್ತು ನೋಡಿ ಕಷ್ಟ. ಅವತ್ತು ಕಾರು ಓಡಿದ್ದಲ್ಲ, ಅದನ್ನು ಎಳೆದುಕೊಂಡು ಹೋದದ್ದು. ದಾರಿಯಲ್ಲಿ ಬ್ಯಾಟರಿ ಕೈಕೊಟ್ಟಿತ್ತು. ಕೆಟ್ಟ ಗಾಡಿಗಳನ್ನು ಎಳೆದು ತರುವುದೇ ಕಸುಬಾಗಿದ್ದ ಮೇಷ್ಟ್ರ ಬಾವಮೈದ ಬಂದು, ತನ್ನ ಗಾಡಿಗೆ ಹಗ್ಗ ಕಟ್ಟಿ, ಇನ್ನೊಂದು ಗಿರಾಕಿ ಕಾಯುತ್ತಿದೆ ಎಂದು ಇಳಿಜಾರಿನಲ್ಲಿ ಬಾಣದ ಹಾಗೆ ಬಿಟ್ಟಿದ್ದ. ಹಿಂದೆ ಕಾರಿನಲ್ಲಿ ಹೆಂಡತಿಯ ಪಕ್ಕ ಕೂತ ಮೇಷ್ಟ್ರು ಬ್ರೇಕ್ ತುಳಿದು ತುಳಿದು ಕಾಲು ಊದಿಸಿಕೊಂಡಿದ್ದರು. ಕ್ಯಾಮೆರಾಕ್ಕೆ ಕಂಡದ್ದು ಬಾಲ ಮಾತ್ರ, ಮುಂದೆ ಎಳೆಯುತ್ತಿದ್ದ ಗಾಡಿ ಕಾಣಲಿಲ್ಲ.

ನಿಜ ಹೇಳಿದರೆ ಬಾವಮೈದನ ಗಾಡಿ ಮೂಲೆ ಸೇರುತ್ತದೆ. ಅವನಿಗೆ ಮೊನ್ನೆಯಷ್ಟೇ ಅವಳಿ ಮಕ್ಕಳಾಗಿದ್ದವು. ಬಾವಮೈದ ಬಂದು, "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡಿ" ಎಂದು ಕಾಲು ಹಿಡಿದುಕೊಂಡ, ಅದೂ ಊದಿದ ಕಾಲನ್ನೇ. ಮೇಷ್ಟ್ರು ಹೆಂಡತಿಯನ್ನು ಕೇಳಿದರು. ಆಕೆ, "ನೀವು ಹೇಗೆ ಮಾಡಿದ್ರೂ ಸರಿ" ಎಂದರು. ಗಂಡನಾದವನಿಗೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡೇ ಮೇಷ್ಟ್ರು ವಿಚಾರಣೆಗೆ ಹೊರಟರು.

ಟ್ರಾಫಿಕ್ ಆಫೀಸಿನಲ್ಲಿ ವಿಚಾರಣೆ ಮಾಡುತ್ತಿದ್ದ ಅಧಿಕಾರಿಣಿ ವಯಸ್ಸಿನಲ್ಲಿ ಚಿಕ್ಕವರು, ಸಿಟ್ಟಿನಲ್ಲಿ ದೊಡ್ಡವರು. ಮೇಷ್ಟ್ರ ಮುಂದಿನ ಕುರ್ಚಿಯಲ್ಲಿದ್ದವನು ಬ್ರೇಕ್ ಸವೆಯಬಾರದೆಂದು ತಾನು ಬ್ರೇಕ್ ಹಾಕುವುದಿಲ್ಲ ಎಂದು ಹೇಳಿ, ನಗುತ್ತಲೇ ದಂಡ ಕಟ್ಟಿ ಎದ್ದು ಹೋದ.

"ನೋಡಿದ್ರಾ ಮೇಷ್ಟ್ರೇ? ದಂಡ ಕಟ್ಟಿಸಿ ಕಟ್ಟಿಸಿ ನನಗೇ ಬೇಜಾರಾಗಿದೆ. ನಾಳೆ ಇವನೇ ಅದೇ ಕ್ಯಾಮೆರಾ ಮುಂದೆ ತಲೆ ಬಾಚ್ಕೊಂಡು ಬರ್ತಾನೆ. ಇವರಿಗೆಲ್ಲ ಏನು ಮಾಡಿದ್ರೆ ಬುದ್ಧಿ ಬರುತ್ತೋ! ಸರಿ, ನಿಮ್ಮ ಕಥೆ ಹೇಳಿ."

"ಕಥೆ ಏನಿಲ್ಲ ಮೇಡಂ. ನನ್ನ ಕಾರು ಎಂಬತ್ತು ಓಡೋದಿಲ್ಲ."

"ಚಿತ್ರದಲ್ಲಿರೋ ತಲೆ ನಿಮ್ಮದಲ್ವಾ?"

"ತಲೆ ನನ್ನದೇ. ವೇಗ ನನ್ನದಲ್ಲ."

ಅಷ್ಟರ ಮೇಲೆ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ಅಧಿಕಾರಿಣಿ ಗದರಿಸಿದರು, ಪುಸಲಾಯಿಸಿದರು, ಕೊನೆಗೆ ಮೇಜು ಗುದ್ದಿ ಎದ್ದು ನಿಂತರು. "ಸರಿ, ನಡೀರಿ. ಓಡುತ್ತೋ ಇಲ್ವೋ ನೋಡೇಬಿಡೋಣ. ಅವತ್ತು ಕಾರಲ್ಲಿ ಯಾರ್ಯಾರಿದ್ರಿ?"

"ನಾನು, ನನ್ನ ಹೆಂಡತಿ."

"ಅವರನ್ನೂ ಕರೀರಿ."

ಹೆಂಡತಿ ಬಂದರು, ಅಭ್ಯಾಸಬಲದಿಂದ ಲೋಟದ ಸಮೇತ. ಭಾವ ಎಲ್ಲಿ ಬಾಯಿ ಬಿಡುತ್ತಾರೋ ಎಂಬ ದಿಗಿಲಿನಿಂದ ಬಾವಮೈದನೂ, "ನಾನೂ ಬರ್ತೀನಿ, ಅಕ್ಕನಿಗೆ ಜೊತೆ" ಎಂದು ಹಿಂದೆ ತೂರಿಕೊಂಡ. ಪೇದೆಗಳು ರಸ್ತೆಯ ಎರಡೂ ತುದಿ ಮುಚ್ಚಿದರು. ಅಧಿಕಾರಿಣಿ ಮುಂದೆ, ಪಾಠ ಹೇಳುವವರ ಸೀಟಿನಲ್ಲಿ ಕೂತರು. ಆ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು. ಅದನ್ನು ಮುಟ್ಟುವುದಿಲ್ಲವೆಂದು ಅವರು ಕಾಲು ಮಡಿಸಿಕೊಂಡರು.

ಸಮತಟ್ಟಿನ ರಸ್ತೆಯಲ್ಲಿ ಮೇಷ್ಟ್ರು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಾರು ಕೆಮ್ಮಿತು, ನಡುಗಿತು, ಎಲ್ಲೆಲ್ಲಿಂದಲೋ ಗಿಲಗಿಲ ಎಂದಿತು, ಐವತ್ತರ ಹತ್ತಿರ ಹೋಗಿ ಇನ್ನಾಗುವುದಿಲ್ಲ ಎಂದು ಅಲ್ಲೇ ಉಳಿಯಿತು. ಗೆದ್ದೆ ಎಂದುಕೊಂಡರು ಮೇಷ್ಟ್ರು.

"ಇಳಿಜಾರು ಬಾಕಿ ಇದೆ. ಚಿತ್ರ ತೆಗೆದಿದ್ದು ಅಲ್ಲೇ ತಾನೇ? ಬ್ರೇಕ್ ಮುಟ್ಟಬಾರದು, ನೆನಪಿರ್ಲಿ" ಎಂದರು ಅಧಿಕಾರಿಣಿ.

ಅದು ಅಂತಿಂಥ ಇಳಿಜಾರಲ್ಲ. ಅಲ್ಲಿ ಬಿಟ್ಟರೆ ಕಬ್ಬಿಣದ ಬೀರುವೂ ಎಂಬತ್ತು ಓಡೀತು. ಬ್ರೇಕಿನ ಮೇಲೆ ಹೆಬ್ಬೆರಳು ಇಟ್ಟರೂ ಸಾಕು, ಯಾರಿಗೂ ಗೊತ್ತಾಗದು, ಸ್ಕೂಲು ಉಳಿಯುತ್ತದೆ. ಆದರೆ ಕಾಲಿನಿಂದ ಹೇಳಿದರೂ ಸುಳ್ಳು ಸುಳ್ಳೇ. ಮೇಷ್ಟ್ರು ಪಾದವನ್ನು ಬ್ರೇಕಿನಿಂದ ದೂರ ಎಳೆದುಕೊಂಡರು. ಸ್ಕೂಲಿನ ಬೋರ್ಡು, ಬೆಳಗಿನ ಮೊದಲ ಶಿಷ್ಯನ ಬೆವರುವ ಕೈ, ಎಲ್ಲಕ್ಕೂ ಮನಸ್ಸಿನಲ್ಲೇ ದೊಡ್ಡ ನಮಸ್ಕಾರ ಹಾಕಿದರು. ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಕಾರು ಇಳಿಯತೊಡಗಿತು. ಐವತ್ತು. ಅರವತ್ತು. ಕಿಟಕಿಯ ಗಾಜು ಹಲ್ಲು ಕಡಿಯಿತು. ಲೋಟದ ನೀರೆಲ್ಲ ಒಮ್ಮೆಗೇ ಹಾರಿ ಅಧಿಕಾರಿಣಿಯ ತಲೆಯ ಮೇಲೆ ಬಿತ್ತು. ಊರಿನಲ್ಲಿ ಎಲ್ಲರಿಗಿಂತ ಜೋರಾಗಿ ಗಾಡಿ ಓಡಿಸುವ, ಭಾವನ ಆಮೆನಡಿಗೆಯನ್ನು ಅಣಕಿಸಿ ಅಣಕಿಸಿ ನಗುತ್ತಿದ್ದ ಬಾವಮೈದ ಮಾತ್ರ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಭಾವ, ನಿಧಾನ!"

ಎಪ್ಪತ್ತು.

"ಭಾವ, ಬ್ರೇಕ್ ಹಾಕಿ! ನನಗೆ ಅವಳಿ ಮಕ್ಕಳಿದಾವೆ! ಅಯ್ಯೋ ಮೇಡಂ, ನಾನೇ! ಅವತ್ತು ಹಗ್ಗ ಕಟ್ಟಿ ಎಳ್ಕೊಂಡು ಹೋಗಿದ್ದು ನಾನೇ! ಭಾವಂದು ಏನೂ ತಪ್ಪಿಲ್ಲ! ನಿಲ್ಸೋಕೆ ಹೇಳಿ ಮೇಡಂ!"

"ನಿಲ್ಸಿ ಮೇಷ್ಟ್ರೇ!" ಎಂದು ಅಧಿಕಾರಿಣಿಯೂ ಕಿರುಚಿದರು, ಕಾನೂನಿಗೋಸ್ಕರವೋ ಪ್ರಾಣಕ್ಕೋಸ್ಕರವೋ ಅವರಿಗೇ ಗೊತ್ತು. ಮೇಷ್ಟ್ರು ಬ್ರೇಕ್ ತುಳಿದರು. ಕಾರು ಕ್ಯಾಮೆರಾಕ್ಕಿಂತ ಒಂದಿಷ್ಟು ಹಿಂದೆ ಉಸ್ಸೆಂದು ನಿಂತಿತು.

ಎಲ್ಲರೂ ಕೆಳಗಿಳಿದು ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತರು. ಕೂದಲಿನಿಂದ ನೀರು ಹಿಂಡಿಕೊಳ್ಳುತ್ತ ಅಧಿಕಾರಿಣಿ ಕೇಳಿದರು, "ಮೊದಲೇ ಯಾಕೆ ಹೇಳಲಿಲ್ಲ ಮೇಷ್ಟ್ರೇ?"

ಮೇಷ್ಟ್ರು ಬಾವಮೈದನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಅಧಿಕಾರಿಣಿಗೆ ಅಷ್ಟು ಸಾಕಾಯಿತು. ನೋಟಿಸನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡು ಬಾವಮೈದನ ಕಡೆ ತಿರುಗಿದರು.

"ನಿನ್ನ ಲೈಸೆನ್ಸ್ ನನ್ನ ಹತ್ರ ಇರ್ಲಿ. ಮೇಷ್ಟ್ರ ಹತ್ರ ಮೊದಲಿಂದ ಕಲ್ತು ಪಾಸಾಗಿ ಬಾ, ವಾಪಸ್ ಕೊಡ್ತೀನಿ. ಅದಿರ್ಲಿ, ನೀನೇ ಎಂಬತ್ತು ಓಡಿಸೋನು, ಎಪ್ಪತ್ತಕ್ಕೆ ಯಾಕಪ್ಪಾ ಹಾಗೆ ಬಡ್ಕೊಂಡೆ?"

"ಅಲ್ಲಿ ಬ್ರೇಕು ನನ್ನ ಕಾಲಡಿ ಇರುತ್ತೆ ಮೇಡಂ. ಇಲ್ಲಿ ಭಾವನ ಕಾಲಡಿ ಇತ್ತು."

ಅಧಿಕಾರಿಣಿ ಇಳಿಜಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ಎದ್ದರು. "ಇದೇ! ದಂಡ ಕಟ್ಟಿದವರನ್ನೆಲ್ಲ ಹಿಂದಿನ ಸೀಟಲ್ಲಿ ಕೂರ್ಸಿ ಈ ಇಳಿಜಾರಲ್ಲಿ ಒಂದು ಸುತ್ತು ಕರ್ಕೊಂಡು ಬರಬೇಕು. ರಸ್ತೆ ನಾನು ಮುಚ್ಚಿಸಿಕೊಡ್ತೀನಿ. ಮೇಷ್ಟ್ರೇ, ನಾಳೆಯಿಂದಲೇ ಶುರು ಮಾಡಿ."

"ಅಯ್ಯೋ ಮೇಡಂ, ನನ್ನಿಂದಾಗೋದಿಲ್ಲ. ಈ ಎಪ್ಪತ್ತೇ ಜನ್ಮಕ್ಕೆ ಸಾಕು."

"ನಾನು ಓಡಿಸ್ತೀನಿ" ಎಂದರು ಹೆಂಡತಿ.

ಸ್ಕೂಲು ಉಳಿಯಿತಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದ ಮೇಷ್ಟ್ರ ಕೈ ಕೆನ್ನೆಯ ಮೇಲೇ ನಿಂತಿತು. "ನೀನಾ? ನಿನಗೆಲ್ಲಿ ಬರುತ್ತೆ?"

"ಊರಿಗೆಲ್ಲ ಕಲಿಸಿದ್ರಿ. ನನ್ನ ಯಾವತ್ತಾದ್ರೂ ಮುಂದೆ ಕೂರ್ಸಿದ್ರೇನ್ರೀ?"

ಆಕೆ ಸಿಟ್ಟಿನಿಂದ ಹೇಳಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ನಾಟಿತು. ಊರಿನ ಕ್ಷೌರಿಕನಿಗೆ, ದರ್ಜಿಗೆ, ಸ್ಕೂಲಿನ ಜವಾನನಿಗೆ ಕಲಿಸಿದ್ದರು. ಹಿಂದೆ ಲೋಟ ಹಿಡಿದು ಕೂತವಳಿಗೂ ಆಸೆ ಇದ್ದೀತೆಂದು ಅವರಿಗೆ ಒಂದು ದಿನವೂ ತೋಚಿರಲಿಲ್ಲ. ಅವರು ಕೀಲಿಯನ್ನು ಆಕೆಯ ಕೈಗಿಟ್ಟರು.

ಪಾಠದ ಕಾರು, ಮುಚ್ಚಿದ ರಸ್ತೆ, ಪಕ್ಕದಲ್ಲಿ ಸಾಕ್ಷಾತ್ ಅಧಿಕಾರಿಣಿ. ಹಿಂದೆ ಭಾವ, ಬಾವಮೈದ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತರು. ಆಕೆ ಕನ್ನಡಿ ಸರಿಮಾಡಿಕೊಂಡು, ಕ್ಲಚ್ ಒತ್ತಿ, ಗೇರ್ ಹಾಕಿ, ಊರಿನ ಯಾವ ಶಿಷ್ಯನೂ ಮೊದಲ ದಿನ ಎತ್ತದಷ್ಟು ನಯವಾಗಿ ಕಾರನ್ನು ಎತ್ತಿದರು. ಅದು ಏರು ಹತ್ತಿತು, ತಿರುಗಿತು, ಮತ್ತೆ ಇಳಿಜಾರಿನ ನೆತ್ತಿಗೆ ಬಂದಿತು. ಮೇಷ್ಟ್ರ ಬಲಗಾಲು ತಾನಾಗಿಯೇ ಮುಂದೆ ಚಾಚಿ ನೆಲದ ಮ್ಯಾಟನ್ನು ಬಲವಾಗಿ ಒತ್ತಿತು.

"ಕಾಲು ಸುಮ್ನಿರ್ಲಿ ರೀ," ಎಂದರು ಆಕೆ, ಕನ್ನಡಿಯಲ್ಲೇ ನೋಡುತ್ತ. "ಅಲ್ಲಿ ಬ್ರೇಕ್ ಇಲ್ಲ. ನಾನು ಇಷ್ಟು ವರ್ಷ ಹುಡುಕಿದೀನಿ."