ಎಳ್ಳಿನಷ್ಟು ಕಣ್ಣು

ಸೋಮವಾರ ಬೆಳಿಗ್ಗೆ ಕೊಚ್ಚಿಯ ಕಣ್ಣಾಸ್ಪತ್ರೆಯಿಂದ ತಣ್ಣನೆಯ ಪೆಟ್ಟಿಗೆಯೊಂದು ತಿರುವನಂತಪುರದ ಲ್ಯಾಬಿಗೆ ಬಂತು. ಒಳಗಿದ್ದದ್ದು ಎಳ್ಳಿನಷ್ಟು ಚೂರು, ಯಾರದೋ ಕರಿಗುಡ್ಡೆಯ ಅಂಚಿನಿಂದ ತೆಗೆದದ್ದು. ಅದರಲ್ಲಿರುವ ಆಕರ ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಎರಡು ವಾರ ಬೆಳೆಸಿ, ಬೆರಳಿನ ಉಗುರಿನಗಲದ ತೆಳು ಪೊರೆ ಮಾಡಿ ಹಿಂದೆ ಕಳಿಸುವುದು ಹರಿಣಾಕ್ಷಿಯ ಕೆಲಸ. ಪೊರೆ ಕಣ್ಣಿಗೆ ಕಚ್ಚಿಕೊಂಡರೆ ಸುಟ್ಟ ಕಣ್ಣಿಗೂ ಬೆಳಕು ಬರುತ್ತದೆ. ಕಾಸರಗೋಡಿನ ಕುಂಬಳೆಯಿಂದ ಬಂದ ಹದಿನಾರು ವರ್ಷಗಳಲ್ಲಿ ಇಂಥ ಪೊರೆಗಳನ್ನು ಬಹಳ ಬೆಳೆಸಿದ್ದಳು. ಕಣ್ಣು ಯಾರದೆಂದು ಕೇಳುವ ರೂಢಿ ಅವಳಿಗಿರಲಿಲ್ಲ.

ಈ ಸಲ ಕೇಳಬೇಕಾಯಿತು. ಒಪ್ಪಿಗೆ ಪತ್ರದಲ್ಲಿ ಹುಟ್ಟಿದ ದಿನಾಂಕ ಬಿಟ್ಟುಹೋಗಿತ್ತು. ಅದರಲ್ಲಿದ್ದ ರೋಗಿಯ ನಂಬರಿಗೆ ಫೋನ್ ಮಾಡಿ ಮಲಯಾಳದಲ್ಲಿ ವಿಚಾರಿಸಿದಳು. ಆ ಕಡೆಯವನು ಅವಳ ಉಚ್ಚಾರ ಗುರುತಿಸಿ, "ನೀವು ಕಾಸರಗೋಡಿನ ಕಡೆಯವರಾ?" ಎಂದು ಕನ್ನಡದಲ್ಲೇ ಕೇಳಿದ.

ಅವನ ಹೆಸರು ರತ್ನಾಕರ. ವಿಟ್ಲದವನು, ಎಡಪ್ಪಳ್ಳಿಯ ಬ್ಯಾಂಕೊಂದರಲ್ಲಿ ಅಧಿಕಾರಿ. ಮೇ ತಿಂಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ನೀರು ತುಂಬಿಸುವಾಗ ಅದು ಸಿಡಿದು ಆಸಿಡ್ ಎರಡೂ ಕಣ್ಣಿಗೆ ಹಾರಿತ್ತು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನ ಮೇಲಂಚಿನಲ್ಲಿ ಒಂದಿಷ್ಟು ಜಾಗ ಮಾತ್ರ ಸುಡದೆ ಉಳಿದಿತ್ತು. ಈಗ ಅದೇ ಹರಿಣಾಕ್ಷಿಯ ಕೈಯಲ್ಲಿತ್ತು.

ಮರುದಿನ ಮಧ್ಯಾಹ್ನ ಅವನೇ ಫೋನ್ ಮಾಡಿದ. "ಅಕ್ಕಾ, ಎಂತಾದರೂ ಬೆಳೆದದ್ದುಂಟಾ?"

ರೋಗಿಗೆ ನೇರವಾಗಿ ಹೀಗೆ ಹೇಳುವುದು ನಿಯಮಕ್ಕೆ ವಿರುದ್ಧ. ಆದರೂ ಹೇಳಿದಳು. ಅಂದಿನಿಂದ ದಿನಾ ಅವನ ಫೋನ್ ಬರತೊಡಗಿತು. ಐದನೆಯ ದಿನ ಸೂಕ್ಷ್ಮದರ್ಶಕದಲ್ಲಿ ಚೂರಿನ ಸುತ್ತ ಕೋಶಗಳು ಅಂಗಳಕ್ಕೆ ಕಲ್ಲು ಹಾಸಿದಂತೆ ಒತ್ತೊತ್ತಾಗಿ ಕೂತಿದ್ದವು. "ಚಂದ ಬರ್ತಾ ಉಂಟು," ಎಂದಾಗ ಅವನು ಅದನ್ನು ಹೆಂಡತಿಗೆ ಕೂಗಿ ಹೇಳಿದ್ದು ಇವಳಿಗೂ ಕೇಳಿಸಿತು.

ಎಂಟನೆಯ ದಿನ ಅಂಚು ಒಂದು ಕೂದಲೆಳೆಯಷ್ಟೂ ಮುಂದೆ ಸರಿದಿರಲಿಲ್ಲ. ಒಂಬತ್ತನೆಯ ದಿನ ಕೋಶಗಳು ಅಗಲವಾಗಿ, ಚಪ್ಪಟೆಯಾಗಿ, ಒಂದನ್ನೊಂದು ಬಿಟ್ಟು ದೂರವಾಗತೊಡಗಿದವು. ಪೋಷಕ ದ್ರವ ಬದಲಿಸಿದಳು. ಶಾಖ ಬೇಕಾದಂತೆ ಮೂವತ್ತೇಳು ಡಿಗ್ರಿಯೇ ಇತ್ತು. ಸೋಂಕಿರಲಿಲ್ಲ. ಹಿರಿಯ ವಿಜ್ಞಾನಿ ಹೃಷಿಕೇಶ್ ಬಂದು ಬಹಳ ಹೊತ್ತು ನೋಡಿದರು.

"ನಮ್ಮದೇನೂ ತಪ್ಪಿಲ್ಲ ಹರಿಣಾಕ್ಷಿ. ಉಳಿದಿದೆ ಅಂದುಕೊಂಡ ಭಾಗವೂ ಒಳಗೆ ಪೆಟ್ಟು ತಿಂದಿತ್ತು."

"ಎಂತ ಮಾಡುವುದು ಸರ್?"

"ಕಾಯೋಣ."

ಕಾಯುವುದೆಂದರೆ ಸಾಯುವುದನ್ನು ನೋಡುತ್ತ ಕೂರುವುದೆಂದು ಇಬ್ಬರಿಗೂ ಗೊತ್ತಿತ್ತು. ಅಂದು ಫೋನ್ ಬಂದಾಗ, "ಇವತ್ತು ನೋಡ್ಲಿಕ್ಕೆ ಆಗ್ಲಿಲ್ಲ," ಎಂದು ಸುಳ್ಳು ಹೇಳಿದಳು. ಹತ್ತನೆಯ ದಿನ ಫೋನ್ ಎತ್ತಲೇ ಇಲ್ಲ. ಹನ್ನೆರಡನೆಯ ದಿನ 'ಕಸಿಗೆ ಯೋಗ್ಯವಲ್ಲ' ಎಂಬ ವರದಿಗೆ ಸಹಿ ಹಾಕಿದಳು. ಕೊಚ್ಚಿಯ ಡಾಕ್ಟರ್ ವಿಲ್ಸನ್ ಅದನ್ನು ರತ್ನಾಕರನಿಗೆ ತಿಳಿಸಿದರು. ಬೇರೆಯವರ ಕೋಶ ಹಾಕಿದರೆ, ಮೈ ಅದನ್ನು ತಿರಸ್ಕರಿಸದಂತೆ ವರ್ಷಗಟ್ಟಲೆ ಬಲವಾದ ಔಷಧಿ ನುಂಗಬೇಕು. ಮೊದಲೇ ದುರ್ಬಲವಾಗಿದ್ದ ಅವನ ಕಿಡ್ನಿ ಅದನ್ನು ತಾಳುವಂತಿರಲಿಲ್ಲ.

ಆಮೇಲೆ ಅವನ ಫೋನ್ ಬರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ರಜೆಯಿದ್ದ ಎರಡನೇ ಶನಿವಾರ ರೈಲು ಹತ್ತಿ, ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ಅವನ ಮನೆಗೆ ಹೋದಳು.

ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತಿದ್ದ ರತ್ನಾಕರ ಅವಳ ದನಿ ಕೇಳಿ ಎದ್ದು ನಿಂತ. ಹೆಂಡತಿ ಸುಮಿತ್ರ ಚಹಾ ತಂದಿಟ್ಟಳು.

"ಫೋನ್ ಎತ್ತಲಿಲ್ಲ ನಾನು. ತಪ್ಪಾಯ್ತು," ಎಂದಳು ಹರಿಣಾಕ್ಷಿ.

"ಬಿಡಿ ಅಕ್ಕ. ಇನ್ನೊಂದು ಸರ್ತಿ ತೆಗೆದು ಬೆಳೆಸ್ಲಿಕ್ಕೆ ಆಗುವುದಿಲ್ವಾ?"

"ತೆಗೀಲಿಕ್ಕೆ ಉಳಿದಿಲ್ಲ ರತ್ನಾಕರ."

"ಜಪಾನಿನಲ್ಲಿ ನಮ್ಮದೇ ಮೈಯ ಬೇರೆ ಕೋಶದಿಂದ ಇಂಥ ಪೊರೆ ಮಾಡ್ತಾರಂತೆ. ಮಗಳು ಅಪೂರ್ವಾ ಓದಿ ಹೇಳಿದಳು."

"ಹೌದು. ಪ್ರಯೋಗ ನಡೀತಾ ಉಂಟು."

"ನಮಗೆ ಸಿಗ್ಲಿಕ್ಕೆ ಎಷ್ಟು ವರ್ಷ ಬೇಕು?"

"ಗೊತ್ತಿಲ್ಲ."

"ಅಂದಾಜು?"

ಐದು ಎನ್ನಬಹುದಿತ್ತು, ಹತ್ತು ಎನ್ನಬಹುದಿತ್ತು. ಆದರೆ ಒಮ್ಮೆ ಸುಳ್ಳು ಹೇಳಿ ಆಗಿತ್ತು. ಅವನು ಉತ್ತರಕ್ಕಾಗಿ ಮುಖವನ್ನು ಅವಳ ಕಡೆಗೆಂದು ಹಿಡಿದುಕೊಂಡೇ ಇದ್ದ. ಸ್ವಲ್ಪ ಪಕ್ಕಕ್ಕೆ, ಅವಳಿಲ್ಲದ ಕಡೆಗೆ.

ಹೊರಡುವಾಗ ಸುಮಿತ್ರ ಗೇಟಿನವರೆಗೆ ಬಂದಳು.

"ನೀವು ಬಾರದಿದ್ರೇ ಒಳ್ಳೆಯದಿತ್ತು," ಎಂದಳು ಮೆಲ್ಲಗೆ. ಸಿಟ್ಟಿರಲಿಲ್ಲ. "ಡಾಕ್ಟ್ರು ಹೇಳಿದ್ದನ್ನು ಅವರು ನಂಬಿರಲಿಲ್ಲ. ಹರಿಣಾಕ್ಷಕ್ಕ ಬಿಡ್ಲಿಕ್ಕಿಲ್ಲ, ಎಂತಾದರೂ ಮಾಡ್ತಾರೆ ಅಂತಿದ್ರು. ಇವತ್ತು ನಂಬಿದ್ರು."

ಹರಿಣಾಕ್ಷಿ ಅವಳ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಒಳಗೆ ಚಹಾದ ಲೋಟ ಉರುಳಿದ ಸದ್ದಾಯಿತು. ಸುಮಿತ್ರ ಮನೆಯತ್ತ ಓಡಿದಳು.