ಸಾಗಿಸಿದವರ ಹೆಸರಿಗೆ

ನಮ್ಮ ಕೀಲಿಮಣೆ ಇದ್ದ ಜಾಲತಾಣ ಬಾಗಿಲು ಹಾಕುತ್ತದೆ ಎಂದು ತಿಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ತೈನಾನ್ ಊರಿನ ಅಜ್ಜಿಯಂದಿರು ಆಡುವ ಮಾತನ್ನು ಫೋನಿನಲ್ಲಿ ಬರೆಯಲೆಂದು ನಾನೂ ನನ್ನ ಗೆಳೆಯ ಆ-ಕಾಯ್‌ನೂ ಸೇರಿ ಕಟ್ಟಿದ ಕೀಲಿಮಣೆ ಅದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಕೋಡ್ ತೆರೆದು ತಿದ್ದಬಹುದು. ಆ-ಕಾಯ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಹೊಸ ತಾಣಕ್ಕೆ ಗಂಟುಮೂಟೆ ಕಟ್ಟುವ ಕೆಲಸ ನನ್ನೊಬ್ಬಳ ತಲೆಗೆ ಬಿತ್ತು.

ಕೋಡ್ ಸಾಗಿಸುವುದು ಸಲೀಸು. ತೊಡಕಿದ್ದದ್ದು ಮಾತುಗಳಲ್ಲಿ. ಕೀಲಿಮಣೆಯಲ್ಲಿ ಕಂಡ ಒಂದೊಂದು ದೋಷದ ಟಿಪ್ಪಣಿಯ ಕೆಳಗೂ ನಾವಿಬ್ಬರು ವರ್ಷಗಟ್ಟಲೆ ಕಿತ್ತಾಡಿ ಬರೆದದ್ದಿತ್ತು. ಹೊಸ ತಾಣದ ಕಟ್ಟಳೆಯಂತೆ, ಬರೆದವರೇ ತಮ್ಮ ಖಾತೆಯಿಂದ ‘ಇವು ನನ್ನವು’ ಎಂದು ಒಪ್ಪಬೇಕು. ಒಪ್ಪದವರ ಮಾತೆಲ್ಲ ಸಾಗಿಸಿದವರ ಹೆಸರಿಗೆ. ಅಂದರೆ ಅವನು ಬರೆದದ್ದೆಲ್ಲ ನನ್ನದಾಗುತ್ತದೆ. ಸತ್ತವನ ಹೆಸರನ್ನು ನುಂಗಿ ಕೂರುವುದು ನನಗೆ ಸುತರಾಂ ಬೇಡವಾಗಿತ್ತು.

ಅವನ ಖಾತೆ ತೆರೆದೇ ಇದ್ದ ಫೋನನ್ನು ಅವನ ತಾಯಿ ಇನ್ನೂ ಚಾಲೂ ಇಟ್ಟಿದ್ದರು. ಪೇರಲೆ ಹಣ್ಣು ಹಿಡಿದು ಹೋದೆ.

“ಒಂದು ಗುಂಡಿ ಒತ್ತಿದ್ರೆ ಸಾಕು, ಚಿಕ್ಕಮ್ಮ.”

“ಮನೆ ಬದಲಾಯಿಸ್ತಿದ್ದೀಯ. ಅವನನ್ನ ಒಂದು ಮಾತು ಕೇಳಿದ್ಯಾ?”

“ಅವನನ್ನ ಹೇಗೆ ಕೇಳ್ಲಿ?”

“ಇಷ್ಟು ಓದಿದ್ದೀಯ, ಇದು ಗೊತ್ತಿಲ್ವಾ?”

ಅವನ ಪಟದ ಮುಂದಿದ್ದ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಗೆತ್ತಿಕೊಂಡರು. ನೆಲಕ್ಕೆ ಹಾಕಿದಾಗ ಒಂದು ಕವುಚಿ ಒಂದು ಅಂಗಾತ ಬಿದ್ದರೆ ಸತ್ತವರ ಉತ್ತರ ಹೌದು. ಎರಡೂ ಕವುಚಿದರೆ ಇಲ್ಲ.

“ಕಾಯ್, ಆ-ಯುನ್ ನಿನ್ನ ಸಾಮಾನೆಲ್ಲ ಹೊಸ ಮನೆಗೆ ತಗೊಂಡು ಹೋಗ್ತಾಳಂತೆ. ನೀನೂ ಬರ್ತೀಯೇನೋ?”

ಎರಡೂ ಕವುಚಿ ಬಿದ್ದವು. ಮತ್ತೆ ಹಾಕಿದರು. ಮತ್ತೆ ಹಾಗೇ.

“ಇನ್ನೊಂದ್ಸಲ ಹಾಕಿ!” ನನ್ನ ದನಿ ಏರಿತು. “ನಾನು ಹೇಳಿದ್ದಕ್ಕೆ ಅವನು ಯಾವತ್ತು ಮೊದಲ್ನೇ ಸಲಕ್ಕೇ ಹೂಂ ಅಂದಿದ್ದ?”

ಚಿಕ್ಕಮ್ಮ ನಕ್ಕರು. ನಗುತ್ತಲೇ ಕಣ್ಣು ತುಂಬಿತು. ಆದರೆ ಈ ಸಲ ಅವರು ಕೇಳಿದ್ದೇ ಬೇರೆ.

“ಸುಸ್ತಾಗಿದ್ಯೇನೋ, ಮಗಾ?”

ಒಂದು ಕವುಚಿ, ಒಂದು ಅಂಗಾತ.

“ಹಗಲೂ ರಾತ್ರಿ ಕಂಪ್ಯೂಟರ್ ಮುಂದೇನೇ ಕೂತಿರ್ತಿದ್ದ. ಊಟಕ್ಕೆ ಕರೆದ್ರೆ ‘ಇದೊಂದು ಮುಗಿಸಿ ಬಂದೆ’ ಅಂತಿದ್ದ. ಇನ್ನು ಅವನನ್ನ ಎಬ್ಬಿಸ್ಬೇಡ ಕಣೇ.”

ಮರದ ತುಂಡನ್ನು ನಂಬುವವಳಲ್ಲ ನಾನು. ಫೋನು ಅಲ್ಲೇ ಮೇಜಿನ ಮೇಲಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಆದರೆ ಈಗಷ್ಟೇ ಮಗನ ಉತ್ತರ ಕೇಳಿಸಿಕೊಂಡ ತಾಯಿಯ ಎದುರು ಅದನ್ನು ಮುಟ್ಟಲು ನನ್ನಿಂದಾಗಲಿಲ್ಲ. ಹಾಳು ಹುಡುಗ, ಸತ್ತ ಮೇಲೂ ಹಟ ಬಿಡಲಿಲ್ಲ ಎಂದು ಬೈದುಕೊಂಡು, ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ.

ಎಲ್ಲವನ್ನೂ ಸಾಗಿಸಿದೆ. ಹೊಸ ತಾಣದಲ್ಲಿ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ದನಿಯ ಏರಿಳಿತ ತೋರಿಸುವ ಗುರುತು ಯಾವ ಅಕ್ಷರದ ಮೇಲೆ ಕೂರಬೇಕೆಂಬ ಜಗಳದಲ್ಲಿ ನನ್ನನ್ನು ನಾನೇ ಕತ್ತೆ ಎಂದು ಕರೆದಿದ್ದೇನೆ. ಕೊನೆಗೆ ‘ಸರಿ ಮಾರಾಯ್ತಿ, ನೀನೇ ಗೆದ್ದೆ, ಹೋಗಿ ಮಲಗು’ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು ಅದರ ಕೆಳಗೆ ಬರೆದಿದ್ದಳು: “ಅಕ್ಕಾ, ಒಬ್ಬರೇ ಇಷ್ಟೊಂದು ಜಗಳ ಆಡ್ತೀರಲ್ಲ, ಬೇಜಾರಾಗಲ್ವಾ?”

“ಆಗುತ್ತೆ ಕಣಮ್ಮ, ತುಂಬಾ ಆಗುತ್ತೆ” ಎಂದು ಬರೆದೆ. ಆಮೇಲೆ ಅವಳಿಗೆ ಅವನ ಹೆಸರು ಹೇಳಿದೆ.