ಬಚ್ಚಲುಮನೆಯ ಕಲ್ಕೆಲಸ

ಮೈದುನ ಅಣ್ಣ ಅತ್ತಿಗೆಯ ಮನೆಗೆ ಇರಲು ಬಂದಾಗ ತಂದದ್ದು ಎರಡೇ ಪೆಟ್ಟಿಗೆ. ಒಂದರಲ್ಲಿ ಬಟ್ಟೆಬರೆ. ಇನ್ನೊಂದನ್ನು ಮೂರನೇ ಮಹಡಿಗೆ ಹತ್ತಿಸುವಷ್ಟರಲ್ಲಿ ಅಣ್ಣತಮ್ಮ ಇಬ್ಬರಿಗೂ ಏದುಸಿರು ಬಂದಿತ್ತು. ಅದರ ತುಂಬ ಕಲ್ಲುಗಳಿದ್ದವು.

ಅತ್ತಿಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಮೈದುನ ಇಪ್ಪತ್ತೆರಡು ವರ್ಷ ಹಲ್ಲಿನ ಸೆಟ್ಟು ತಯಾರಿಸುವ ಒಂದು ಕಾರ್ಖಾನೆಯಲ್ಲಿ ದುಡಿದವನು. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಊರಿನ ಅರ್ಧ ಮುದುಕರು ನಗುವುದು ನನ್ನ ಹಲ್ಲಿನಲ್ಲೇ ಎಂದು ತಮಾಷೆ ಮಾಡುತ್ತಿದ್ದ. ಆಮೇಲೆ ಆ ಕೆಲಸಕ್ಕೆ ಕಂಪ್ಯೂಟರ್ ಬಂತು, ಕಾರ್ಖಾನೆಗೆ ಬೀಗ ಬಿತ್ತು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಅಣ್ಣನೇ ಹೋಗಿ ಕರೆದುಕೊಂಡು ಬಂದ.

ಹಲ್ಲು ಉಜ್ಜುವ ಯಂತ್ರವನ್ನು ಅವನು ಬಿಟ್ಟು ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂರುವಷ್ಟು ಚಿಕ್ಕ ಮೋಟರು, ಅದರಿಂದ ಹೊರಟ ಬಳುಕುವ ಕೇಬಲ್ಲು, ಕೇಬಲ್ಲಿನ ಕೊನೆಗೆ ಪೆನ್ನಿನಂತೆ ಹಿಡಿಯುವ ಹಿಡಿಕೆ. ಹಿಡಿಕೆಯ ತುದಿಗೆ ವಜ್ರದ ಪುಡಿ ಮೆತ್ತಿದ ಸಣ್ಣ ಕಡ್ಡಿ ಸಿಕ್ಕಿಸಿದರೆ ಅದು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತಿತ್ತು. ಹೊಳೆದಂಡೆಯಿಂದ, ಕಟ್ಟಡಗಳ ಹಿಂದಿನ ರಾಶಿಯಿಂದ ಹೆಕ್ಕಿ ತಂದ ಕಲ್ಲುಗಳನ್ನು ಅವನು ಅದರಲ್ಲಿ ಕೆತ್ತುತ್ತಿದ್ದ. ಮುದುರಿಕೊಂಡು ಮಲಗಿದ ಬೆಕ್ಕು, ಬಟಾಣಿ ಸಿಪ್ಪೆ, ಅರ್ಧ ತೆರೆದ ಮುಷ್ಟಿ. ಕೆತ್ತಿ ಮುಗಿದ ಮೇಲೆ ಉಜ್ಜುಕಾಗದದಲ್ಲಿ ಒರಟಿನಿಂದ ನಯಕ್ಕೆ ಏಳು ಸಲ ಉಜ್ಜಿ, ಕಡೆಗೆ ಉಣ್ಣೆಯ ಗಾಲಿಗೆ ಬಿಳಿ ಪುಡಿ ಸವರಿ ಹೊಳಪು ಕೊಡುತ್ತಿದ್ದ. ಒಣ ಕಲ್ಲು ಕೆತ್ತಿದರೆ ಧೂಳು ಎದೆಯಲ್ಲಿ ಕೂರುತ್ತದೆಂದು ನೀರು ತೊಟ್ಟಿಕ್ಕಿಸಿಕೊಂಡೇ ಕೆತ್ತಬೇಕಿತ್ತು. ಮನೆಯಲ್ಲಿ ಅಂಥ ಜಾಗ ಬಚ್ಚಲೊಂದೇ. ಮೋಟರು ಹೊಸ್ತಿಲ ಹೊರಗೆ, ಅವನು ಒಳಗೆ ಮಣೆಯ ಮೇಲೆ, ತಲೆಯ ಮೇಲುಗಡೆ ತೂತು ಮಾಡಿ ತೂಗುಹಾಕಿದ ನೀರಿನ ಬಾಟಲಿ.

ಟೀಚರಮ್ಮ ಜಗಳವಾಡಿದವಳಲ್ಲ. ಆದರೆ ಸ್ನಾನಕ್ಕೆ ಹೋದರೆ ನೆಲದಲ್ಲಿ ಬೂದುಬಣ್ಣದ ರಾಡಿ, ಟವೆಲ್ಲಿನಲ್ಲಿ ರಾಡಿ. ಮನೆಗೆ ಬಂದವರೋ ಆ ಕಿರ್ರೆನ್ನುವ ಸದ್ದಿಗೆ ದಂತವೈದ್ಯರ ಕುರ್ಚಿ ನೆನಪಾಗಿ ಕೆನ್ನೆ ಹಿಡಿದುಕೊಂಡು ಕೂರುತ್ತಿದ್ದರು. ಅವಳಿಗೆ ಒಳಗೊಳಗೇ ಮುಜುಗರ.

ಸುಳ್ಳು ಶುರುವಾದದ್ದು ಶಾಲೆಯಲ್ಲಿ. ಒಬ್ಬ ಟೀಚರಿಗೆ ಹಲ್ಲುನೋವು ಬಂದಾಗ ಇವಳು, ನನ್ನ ಮೈದುನ ಹಲ್ಲಿನ ಲೈನಿನಲ್ಲೇ ಇದ್ದವರು ಎಂದಳು. ಹಾಗಾದರೆ ಡಾಕ್ಟರೇ ಮನೆಯಲ್ಲಿದ್ದಾರೆ ಅನ್ನಿ ಎಂದರು ಯಾರೋ. ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅವಳು ಚಹಾ ಕಲಕುತ್ತ ಸುಮ್ಮನಿದ್ದಳು. ಮುಂದಿನ ವಾರ ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರೂ ಅದನ್ನೇ ಕೇಳಿದರು. ಈಗ ಪ್ರಾಕ್ಟೀಸು ಬಿಟ್ಟಿದ್ದಾರೆ ಮೇಡಂ, ವಿಶ್ರಾಂತಿಯಲ್ಲಿದ್ದಾರೆ ಎಂದಳು. ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಒಂದು ಭಾನುವಾರ ಮಧ್ಯಾಹ್ನ ಪ್ರಿನ್ಸಿಪಾಲರು ಪರೀಕ್ಷೆಯ ವೇಳಾಪಟ್ಟಿ ಹಿಡಿದು ಮನೆಗೇ ಬಂದುಬಿಟ್ಟರು. ಅವರ ಮನೆ ಎರಡು ಬೀದಿ ಆಚೆ. ಫೋನಿನಲ್ಲಿ ಮುಗಿಯದ ಮಾತು, ನಡೆದುಕೊಂಡೇ ಬಂದೆ ಎಂದರು. ಗಂಡ ಪೇಟೆಗೆ ಹೋಗಿದ್ದ. ಬಚ್ಚಲಿನಲ್ಲಿ ಯಂತ್ರ ಕಿರ್ರೆನ್ನುತ್ತಿತ್ತು. ಏನದು ಸದ್ದು ಎಂದು ಅವರು ಕೇಳಿದ್ದಕ್ಕೆ, ಬಚ್ಚಲಲ್ಲಿ ಏನೋ ಕೆಲಸ ನಡೀತಿದೆ ಮೇಡಂ ಎಂದಳು. ಅಲ್ಲಿಯವರೆಗೆ ಅದು ಸುಳ್ಳೇನಲ್ಲ.

ಅಷ್ಟರಲ್ಲಿ ಸದ್ದು ನಿಂತಿತು. ಮೈದುನ ಹೊರಗೆ ಬಂದ. ಮೊಣಕಾಲಿಗೆ ಮಡಚಿದ ಪ್ಯಾಂಟು, ಮೊಣಕೈವರೆಗೆ ಕಲ್ಲಿನ ರಾಡಿ, ಕನ್ನಡಕದ ಮೇಲೆ ಬೂದು ಚುಕ್ಕೆಗಳು, ತಲೆಗೆ ಪ್ಲಾಸ್ಟಿಕ್ ಟೋಪಿ. ಅತಿಥಿ ಇರುವುದು ಅವನಿಗೆ ಗೊತ್ತಿರಲಿಲ್ಲ. ಪ್ರಿನ್ಸಿಪಾಲರು ಅವನನ್ನು ನೋಡಿದರು, ಆಮೇಲೆ ಟೀಚರಮ್ಮನನ್ನು ನೋಡಿದರು.

"ನಲ್ಲಿ ರಿಪೇರಿಗೆ ಬಂದಿದ್ದಾರೆ ಮೇಡಂ," ಎಂದಳು ಅವಳು.

ಮೈದುನ ನಿಂತಲ್ಲೇ ನಿಂತ. ಅವನು ಈಗ ನಗುತ್ತಾನೆ, ಏನತ್ತಿಗೆ ತಮಾಷೆ ಎನ್ನುತ್ತಾನೆ ಎಂದುಕೊಂಡಳು. ಹಾಗೇ ಆಗಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ವಾಷರ್ ಬದಲಾಯಿಸಿದ್ದೀನಿ ಅಮ್ಮಾ. ಇನ್ನು ಸೋರಲ್ಲ," ಎಂದ.

ಅವಳನ್ನು ಅವನು ಅಮ್ಮಾ ಎಂದದ್ದು ಅದೇ ಮೊದಲು. ಪ್ರಿನ್ಸಿಪಾಲರಿಗೆ ತುಂಬ ಖುಷಿಯಾಯಿತು. ತಮ್ಮ ಅಡುಗೆಮನೆಯ ನಲ್ಲಿ ತಿಂಗಳಿಂದ ಸೋರುತ್ತಿದೆ, ಕರೆದವರು ಒಬ್ಬರೂ ತಿರುಗಿ ನೋಡುತ್ತಿಲ್ಲ, ಒಮ್ಮೆ ಬಂದು ಹೋಗುತ್ತೀರಾ ಎಂದು ಅವನನ್ನೇ ಕೇಳಿದರು. ಅವನು ಅತ್ತಿಗೆಯ ಕಡೆ ನೋಡಿದ. ಅವಳು ವೇಳಾಪಟ್ಟಿಯ ಹಾಳೆ ನೋಡುತ್ತಿದ್ದಳು. ಬರ್ತೀನಿ ಮೇಡಂ ಎಂದು ಹೇಳಿ, ವಿಳಾಸ ಕೇಳಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಟುಹೋದ.

ಪ್ರಿನ್ಸಿಪಾಲರು ಇನ್ನೂ ಮುಕ್ಕಾಲು ಗಂಟೆ ಕೂತರು. ಅವರು ಹೇಳಿದ್ದು ಒಂದೂ ಅವಳ ತಲೆಗೆ ಹೋಗಲಿಲ್ಲ. ಕಪ್ಪು ಎತ್ತುವ ನೆಪದಲ್ಲಿ ಕಿಟಕಿಯ ಹತ್ತಿರ ಹೋದಾಗ, ಎದುರಿನ ಬೀಗ ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಮೈದುನ ಕೂತಿರುವುದು ಕಂಡಿತು. ಬಿಸಿಲಿಗೆ ಕೈಯ ರಾಡಿ ಒಣಗಿ ಬೆಳ್ಳಗಾಗಿತ್ತು. ಆ ಕೈಯನ್ನು ಏನು ಮಾಡುವುದೆಂದು ತಿಳಿಯದವನಂತೆ ತೊಡೆಯಿಂದ ಸ್ವಲ್ಪ ದೂರ ಹಿಡಿದುಕೊಂಡಿದ್ದ. ಹಾದುಹೋಗುವವರು ಅವನನ್ನು ಒಮ್ಮೆ ನೋಡಿ ಹೋಗುತ್ತಿದ್ದರು.

ಪ್ರಿನ್ಸಿಪಾಲರು ತಿರುವಿನಲ್ಲಿ ಮರೆಯಾದ ಮೇಲೆ ಅವನೇ ಎದ್ದು ಬಂದ. ಕೈಕಾಲು ತೊಳೆದುಕೊಂಡ. ಅಷ್ಟರಲ್ಲಿ ಟೀಚರಮ್ಮ ನಾಲ್ಕು ಮಾತು ಜೋಡಿಸಿಕೊಂಡಿದ್ದಳು. ಅವನು ಬಂದು, ಚಹಾ ಉಳಿದಿದೆಯಾ ಅತ್ತಿಗೆ ಎಂದು ಕೇಳಿದ. ಜೋಡಿಸಿಕೊಂಡ ಮಾತು ಅಲ್ಲೇ ಉಳಿಯಿತು. ಚಹಾ ಕೊಟ್ಟಳು. ಗಂಡನಿಗೆ ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ತನ್ನ ಮಾನ ಕಾಯಲು ಮೈದುನ ತನ್ನ ಜೊತೆ ಸೇರಿ ಸುಳ್ಳು ನಡೆಸುತ್ತಿದ್ದಾನೆ ಅನ್ನಿಸಿದಾಗಲೆಲ್ಲ ಅವಳು ಊಟದ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಅವನು ಆ ನಲ್ಲಿ ರಿಪೇರಿಗೆ ಹೋಗುವುದಿಲ್ಲ ಎಂದು ಮಾತ್ರ ಖಾತ್ರಿಯಾಗಿ ನಂಬಿದ್ದಳು. ಹೋಗಬೇಡ ಎನ್ನಲು ಆ ದಿನದ ಮಾತು ಎತ್ತಬೇಕಾಗುತ್ತಿತ್ತು.

ಹತ್ತು ದಿನದ ಮೇಲೆ ಪ್ರಿನ್ಸಿಪಾಲರು ಅವಳನ್ನು ತಮ್ಮ ಕೋಣೆಗೆ ಕರೆದರು. ಮುಖ ಅರಳಿತ್ತು.

ನಿಮ್ಮ ಮನೆಗೆ ಬಂದಿದ್ದರಲ್ಲ ಪ್ಲಂಬರ್, ಎಂಥ ಮನುಷ್ಯ ಅವರು ಎಂದು ಶುರುಮಾಡಿದರು. ಬಂದು ನಲ್ಲಿ ಸರಿಮಾಡಿಕೊಟ್ಟರಂತೆ. ಸ್ವಲ್ಪ ಹೊತ್ತು ಹಿಡಿಯಿತಂತೆ, ನಡುವೆ ಎರಡು ಸಲ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಏನೋ ಕೇಳಿಕೊಂಡು ಬಂದರಂತೆ, ಆದರೆ ಆಮೇಲೆ ಒಂದು ಹನಿ ಸೋರಿಲ್ಲ. ಹೊರಡುವಾಗ ಅವರ ಕಣ್ಣು ಪ್ರಿನ್ಸಿಪಾಲರ ತಾಯಿಯ ಮೇಲೆ ಬಿದ್ದಿದೆ. ಮುದುಕಿ ಹಲ್ಲಿನ ಸೆಟ್ಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಕೂತಿದ್ದರು. ಸೆಟ್ಟು ಒಸಡಿಗೆ ಒತ್ತಿ ಹುಣ್ಣಾಗಿ ಮೂರು ತಿಂಗಳಿಂದ ಗಂಜಿಯಲ್ಲೇ ದಿನ ದೂಡುತ್ತಿದ್ದರು. ಒಮ್ಮೆ ನೋಡಬಹುದಾ ಎಂದು ಕೇಳಿ, ಮರುದಿನ ಚೀಲದಲ್ಲಿ ಪುಟ್ಟ ಯಂತ್ರ ಹಾಕಿಕೊಂಡು ಬಂದರಂತೆ. ಹುಣ್ಣಿನ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿ, ಸೆಟ್ಟು ಹಾಕಿಸಿ ತೆಗೆದು, ಬಣ್ಣ ಹತ್ತಿದ ಕಡೆ ಕೂದಲೆಳೆಯಷ್ಟು ಉಜ್ಜಿ ಹೊಳಪು ಕೊಟ್ಟರಂತೆ. ಎಲ್ಲಿ ಕಲಿತಿರಿ ಎಂದರೆ, ಮನೆಯಲ್ಲಿ ಕಲ್ಲು ಉಜ್ಜುತ್ತೇನೆ, ಕೈಗೆ ಅಭ್ಯಾಸವಾಗಿದೆ ಎಂದಷ್ಟೇ ಹೇಳಿದರಂತೆ. ನಾಲ್ಕು ದಿನಕ್ಕೆ ಹುಣ್ಣು ಮಾಯ್ದು, ನಿನ್ನೆ ನಮ್ಮಮ್ಮ ಇಡೀ ಸೇಬು ತಿಂದರು ಎಂದರು ಪ್ರಿನ್ಸಿಪಾಲರು.

ಟೀಚರಮ್ಮನಿಗೆ ಕೂತ ಕುರ್ಚಿ ಸುಡುತ್ತಿತ್ತು.

"ಆದ್ರೂ ಒಂದು ಅನುಮಾನ," ಎಂದರು ಪ್ರಿನ್ಸಿಪಾಲರು. "ಪ್ಲಂಬರ್ ಕೈಯಲ್ಲಿ ಹಲ್ಲಿನ ಕೆಲಸ ಮಾಡಿಸಿದ್ದೀವಿ. ಸರಿಯಿದ್ಯೋ ಇಲ್ವೋ, ನಿಮ್ಮ ಮೈದುನ ಡಾಕ್ಟರ್ ಹತ್ರ ಒಮ್ಮೆ ತೋರಿಸ್ಲಾ?"

ಬೇಡ ಮೇಡಂ, ಊರಲ್ಲಿಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದು ಅಷ್ಟು ಬೇಗ ಬಂದು ನಿಂತದ್ದು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಬ್ಬರೂ ಒಬ್ಬರೇ ಮೇಡಂ," ಎಂದಳು. "ಅವರು ಪ್ಲಂಬರೂ ಅಲ್ಲ, ಡಾಕ್ಟರೂ ಅಲ್ಲ. ಸೆಟ್ಟು ಮಾಡ್ತಿದ್ರು. ಅವರೇ ನನ್ನ ಮೈದುನ."

ಪ್ರಿನ್ಸಿಪಾಲರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಬೈಯಲಿಲ್ಲ. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ನಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಮಲಗಿಕೊಂಡು ಸಿಂಕಿನ ಕೆಳಗೆ ಕೈ ಹಾಕಿದ್ದರು, ನಾನು ಕೆಳಗೆ ಹಾಸಲು ಒಂದು ಗೋಣಿತಾಟೂ ಕೊಡಲಿಲ್ಲ ಎಂದರು. ಆ ಮಾತನ್ನು ಅವರು ತಮಗೇ ಹೇಳಿಕೊಂಡರೋ ಇವಳಿಗೆ ಹೇಳಿದರೋ ತಿಳಿಯಲಿಲ್ಲ. ಇವಳು ಎದ್ದು ಬಂದಳು. ಆ ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ಬರೆದದ್ದನ್ನೇ ಎರಡು ಸಲ ಬರೆದಳು. ಮಕ್ಕಳು ಹೇಳಿದ ಮೇಲೆ ಗೊತ್ತಾಯಿತು.

ಮನೆಗೆ ಬಂದಾಗ ಮೈದುನ ಬಚ್ಚಲಿನ ಮಣೆಯ ಮೇಲೆ ಕೂತು ಹಸಿರು ಕಲ್ಲೊಂದನ್ನು ಉಜ್ಜುತ್ತಿದ್ದ. ಅವಳು ಹೊಸ್ತಿಲಲ್ಲಿ ನಿಂತಳು. ಅವನು ಯಂತ್ರ ನಿಲ್ಲಿಸಿದ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಶಾಲೆಯಲ್ಲಿ ಚಹಾ ಕಲಕುತ್ತ ಸುಮ್ಮನಿದ್ದದ್ದು, ಪ್ರಾಕ್ಟೀಸು ಬಿಟ್ಟಿದ್ದಾರೆ ಎಂದದ್ದು, ಇವತ್ತು ಒಪ್ಪಿಕೊಂಡದ್ದು. ಒಂದೂ ಬಿಡಲಿಲ್ಲ. ಅವನು ಕಲ್ಲನ್ನು ನೀರಿನಲ್ಲಿ ಅದ್ದಿ ನೋಡುತ್ತ ಕೇಳಿಸಿಕೊಂಡ.

"ಅವರ ಮನೆಗೆ ಯಾಕೆ ಹೋದೆ ನೀನು?" ಎಂದು ಕೇಳಿದಳು.

"ಹೋಗದಿದ್ರೆ ನಿಮ್ಮನ್ನೇ ಕೇಳ್ತಿದ್ರಲ್ಲ ಅತ್ತಿಗೆ, ಎಲ್ಲಿ ನಿಮ್ಮ ಪ್ಲಂಬರ್ ಅಂತ."

ಅವನು ಕಲ್ಲನ್ನು ಬಟ್ಟೆಯಲ್ಲಿ ಒರೆಸಿದ.

"ಪ್ಲಂಬರ್ ಅಂದ್ರಿ ಅಂತ ಬೇಜಾರಾಗಿರಲಿಲ್ಲ," ಎಂದ. "ಆ ಅವತಾರದಲ್ಲಿ ಯಾರೇ ಆದ್ರೂ ಹಾಗೇ ಅಂತಿದ್ರು. ಆದ್ರೆ ಡಾಕ್ಟರ್ ಅಂದಿದ್ರಿ ಅಂತ ಈಗ ಗೊತ್ತಾಯ್ತು ನೋಡಿ. ಇಪ್ಪತ್ತೆರಡು ವರ್ಷ ಮಾಡಿದ್ದು ಹೇಳಿಕೊಳ್ಳೋ ಹಾಗೆ ಇರಲಿಲ್ವಾ ಅತ್ತಿಗೆ?"

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳುವವನಂತೆ ಕೇಳಿದ. ಅವಳು ತಪ್ಪಾಯಿತು ಎಂದಳು. ಇನ್ನೊಮ್ಮೆ ಹೇಳಿದಳು. ಅವನು, ಬಿಡಿ, ಒಳಗೆ ಹೋಗಿ, ನೆಲ ಜಾರುತ್ತೆ ಎಂದ. ಆ ರಾತ್ರಿ ಗಂಡನಿಗೂ ಹೇಳಿದಳು. ಗಂಡ ಗೋಡೆಯ ಕಡೆ ತಿರುಗಿ ಮಲಗಿದ. ನನ್ನನ್ನು ಏನಂತ ಹೇಳಿಕೊಂಡಿದ್ದೀಯಾ ಶಾಲೆಯಲ್ಲಿ ಎಂದಷ್ಟೇ ಕೇಳಿದ.

ಮುಂದಿನ ಭಾನುವಾರ ಪ್ರಿನ್ಸಿಪಾಲರು ತಾಯಿಯನ್ನು ಕರೆದುಕೊಂಡು ಬಂದರು. ಬರುವುದಾಗಿ ಮೊದಲೇ ಹೇಳಿ ಕಳಿಸಿದ್ದರು. ಮೈದುನ ಬೆಳಿಗ್ಗೆಯಿಂದ ಯಂತ್ರ ಮುಟ್ಟಿರಲಿಲ್ಲ. ಬಚ್ಚಲು ತಿಕ್ಕಿ ತೊಳೆದಿದ್ದ, ಕಲ್ಲುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಟೀಚರಮ್ಮ ನೇರ ನಿಂತು, ಇವರು ನನ್ನ ಮೈದುನ, ಹಲ್ಲಿನ ಸೆಟ್ಟು ಮಾಡುತ್ತಿದ್ದರು, ಈಗ ಮನೆಯಲ್ಲಿ ಕಲ್ಲು ಕೆತ್ತುತ್ತಾರೆ ಎಂದಳು. ಪಾಠ ಒಪ್ಪಿಸುವ ಮಗುವಿನ ಧ್ವನಿಯಂತೆ ಅವಳ ಕಿವಿಗೇ ಕೇಳಿಸಿತು. ಮುದುಕಿಗೆ ಇದ್ಯಾವುದೂ ಬೇಕಿರಲಿಲ್ಲ. ಕಲ್ಲು ತೋರಿಸಪ್ಪ ಎಂದು ಹಟ ಹಿಡಿದರು. ಅವನು ಮಲಗಿದ ಬೆಕ್ಕನ್ನು ತಂದು ಅವರ ಅಂಗೈಯಲ್ಲಿಟ್ಟ. ಅವರು ಅದರ ಬೆನ್ನು ಸವರುತ್ತ, ಬೆಚ್ಚಗಿದೆ ಎಂದು ಹಲ್ಲು ತೋರಿಸಿ ನಕ್ಕರು. ಅವನು ಬೆಕ್ಕನ್ನು ನೋಡಲಿಲ್ಲ, ಬಗ್ಗಿ ಸೆಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡಿದ.

ಎಲ್ಲ ಸರಿಹೋಯಿತು ಎಂದು ಗಂಡ ಹೇಳುತ್ತಾನೆ. ಹೊರಗಿನಿಂದ ನೋಡಿದರೆ ಹೌದು. ಆದರೆ ಆಮೇಲೆ ಟೀಚರಮ್ಮ ಮನೆಯಲ್ಲಿರುವ ಹೊತ್ತಿನಲ್ಲಿ ಬಚ್ಚಲಿನ ಯಂತ್ರ ಶುರುವಾಗಲಿಲ್ಲ. ಅವಳು ಎಷ್ಟೋ ಸಲ ಹೇಳಿದಳು, ನಾನಿದ್ದರೇನು, ನೀನು ಕೆಲಸ ಮಾಡು, ನನಗೇನೂ ತೊಂದರೆಯಿಲ್ಲ ಎಂದು. ಆಯ್ತು ಅತ್ತಿಗೆ ಎನ್ನುತ್ತಾನೆ. ಅವಳು ಶಾಲೆಗೆ ಹೋದ ಮೇಲೆ ಕೂರುತ್ತಾನೆ, ಬರುವ ಹೊತ್ತಿಗೆ ತೊಳೆದು ಒರೆಸಿಟ್ಟಿರುತ್ತಾನೆ. ಟವೆಲ್ಲಿನಲ್ಲಿ ಈಗ ಒಂದು ಚುಕ್ಕೆ ರಾಡಿಯೂ ಸಿಗುವುದಿಲ್ಲ.

ಮೊನ್ನೆ ಒಂದು ದಿನ ಶಾಲೆ ಬೇಗ ಬಿಟ್ಟಿತು. ಎರಡನೇ ಮಹಡಿ ಹತ್ತುವಾಗಲೇ ಮೇಲಿನಿಂದ ಯಂತ್ರದ ಸದ್ದು ಕೇಳಿಸಿತು, ಜೊತೆಗೆ ಮೈದುನ ಏನೋ ಗುನುಗುವುದೂ ಕೇಳಿಸಿತು. ಬಾಗಿಲ ಹತ್ತಿರ ಹೋಗಿ ಬೀಗದ ಕೈ ತೆಗೆದವಳು ಹಾಗೇ ನಿಂತಳು. ಮತ್ತೆ ಸದ್ದಾಗದಂತೆ ಒಂದು ಮಹಡಿ ಕೆಳಗಿಳಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಕೆಳಮನೆಯಾಕೆ ಬಂದು, ಯಾಕೆ ಟೀಚರಮ್ಮ, ಬೀಗದ ಕೈ ಮರೆತಿರಾ ಎಂದು ಕೇಳಿದಳು.

"ಇಲ್ಲ," ಎಂದಳು. "ಮೇಲೆ ನನ್ನ ಮೈದುನ ಕೆಲಸ ಮಾಡ್ತಿದ್ದಾನೆ."